‘ನೋಡೋಣ’ ಅಂದರೆ ಹೌದೋ, ಬೇಡವೋ?

ಕಳೆದ ವರ್ಷ ನಾವು ಇಲ್ಲಿ, ಅಮೆರಿಕದಲ್ಲಿ, ಕೊಳ್ಳಲು ಮನೆ ಹುಡುಕುತ್ತಿದ್ದೆವು. ನಮ್ಮ ಏಜೆಂಟ್ ನಾಲ್ಕು ಶನಿವಾರ ಒಟ್ಟು 11 ಮನೆ ತೋರಿಸಿದರು. ಪ್ರತಿ ಮನೆ ನೋಡಿದ ಮೇಲೂ ಅಪ್ಪ ‘ನೋಡೋಣ’ ಎಂಬುದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಿಮಗೆ ಗೊತ್ತಲ್ಲ, ನಮ್ಮ ಮನೆಗಳಲ್ಲಿ ‘ನೋಡೋಣ’ ಅಂದರೆ ಮುಕ್ಕಾಲು ಪಾಲು ‘ಬೇಡ’ ಅಂತಲೇ ಅರ್ಥ. ಏಜೆಂಟಿಗೆ ಮಾತ್ರ ಅದು ‘ಇಷ್ಟವಾಗಿದೆ’ ಎಂದು ಕೇಳಿಸಿತು. ಅಂಥವೇ ಮನೆಗಳನ್ನು ಮತ್ತೆ ಮತ್ತೆ ಹುಡುಕಿದರು.

ಆಮೇಲೆ ಒಂದು ವರ್ಷ ಕಾಯೋಣ ಎಂದು ಅಪ್ಪ ಅಮ್ಮ ತೀರ್ಮಾನಿಸಿದರು. ಏಜೆಂಟಿಗೆ ಯಾರೂ ಹೇಳಲಿಲ್ಲ. ಅಪ್ಪನ ಪರವಾಗಿ ಮೆಸೇಜ್ ಟೈಪ್ ಮಾಡುವವಳು ನಾನು. “ಈಗ ಏನೂ ಬರೀಬೇಡ, ಬೇಜಾರು ಮಾಡ್ಕೋತಾರೆ” ಅಂದರು ಅಪ್ಪ. ಮೂರು ವಾರ ಅವರ ಮೆಸೇಜುಗಳು ಬರುತ್ತಲೇ ಇದ್ದವು. ಇಲ್ಲಿ ಏಜೆಂಟರಿಗೆ ಸಾಮಾನ್ಯವಾಗಿ ಹಣ ಸಿಗುವುದು ಮನೆ ಕೊಂಡಾದ ಮೇಲೆಯೇ ಎಂದು ತಿಳಿದ ದಿನ ನನಗೆ ನಾಚಿಕೆಯಾಯಿತು. ಅಪ್ಪನನ್ನು ಒಪ್ಪಿಸಿ ಎರಡು ಸಾಲು ಬರೆದೆ: ‘ಈ ವರ್ಷ ಕೊಳ್ಳುವುದಿಲ್ಲ. ನಿಮ್ಮ ಸಮಯಕ್ಕೆ ಧನ್ಯವಾದ, ತಡವಾಗಿ ಹೇಳಿದ್ದಕ್ಕೆ ಕ್ಷಮಿಸಿ.’ ಹತ್ತೇ ನಿಮಿಷದಲ್ಲಿ ಉತ್ತರ ಬಂತು: ‘ಹೇಳಿದ್ದು ಒಳ್ಳೆಯದಾಯಿತು.’

ನೀವೂ ಮನೆ ಹುಡುಕುತ್ತಿದ್ದರೆ ಇವು ನೆನಪಿರಲಿ.

ಮನೆ ಇಷ್ಟವಾಗದಿದ್ದರೆ ಅಂದೇ ಹೇಳಿ, ಕಾರಣವನ್ನೂ ಹೇಳಿ. ‘ಅಡುಗೆಮನೆ ಚಿಕ್ಕದು’ ಎಂದರೆ ಮುಂದಿನ ಹುಡುಕಾಟ ಸುಲಭ.

2024ರ ಆಗಸ್ಟ್ 17ರಿಂದ ಇಲ್ಲಿ ಹೆಚ್ಚಿನ ಏಜೆಂಟರು ಮನೆ ತೋರಿಸುವ ಮೊದಲು ಒಪ್ಪಂದಕ್ಕೆ ಸಹಿ ಕೇಳುತ್ತಾರೆ. ಅವಧಿ ಎಷ್ಟು, ಫೀಸು ಎಷ್ಟು ಎಂದು ಕೇಳಲು ಸಂಕೋಚ ಬೇಡ. ಫೀಸಿನಲ್ಲಿ ಚೌಕಾಸಿಗೂ ಅವಕಾಶವಿದೆ.

ಓಪನ್ ಹೌಸಿನಲ್ಲಿ ಸಾಮಾನ್ಯವಾಗಿ ಇರುವುದು ಮಾರುವವರ ಏಜೆಂಟ್. ಅವರೊಂದಿಗೆ ನಗುತ್ತಾ ಮಾತಾಡಿ, ಆದರೆ ನಿಮ್ಮ ಬಜೆಟ್ ಹೇಳಬೇಡಿ. ಮಕ್ಕಳೇ, “ಇದು ನನ್ನ ರೂಮು!” ಎಂದು ಅಲ್ಲೇ ಕೂಗಬೇಡಿ!

“ಈ ಬೀದೀಲಿ ಇಂಡಿಯನ್ಸ್ ಇದ್ದಾರಾ?” ಎಂದು ಅಮ್ಮ ಕೇಳಿದಾಗ ಏಜೆಂಟ್ ಮಾತು ಬದಲಿಸಿದರು. ಅಮ್ಮನಿಗೆ ಬೇಸರವಾಯಿತು. ಅದು ಅಸಡ್ಡೆಯಲ್ಲ. ಜನಾಂಗ, ಧರ್ಮ, ಮೂಲದೇಶ ನೋಡಿ ಮನೆ ಕೊಳ್ಳುವವರನ್ನು ಒಂದೆಡೆಗೆ ತಿರುಗಿಸುವುದು 1968ರ ಫೇರ್ ಹೌಸಿಂಗ್ ಕಾಯಿದೆಗೆ ವಿರುದ್ಧ. ಅದಕ್ಕೇ ಅವರು ಇಂಥ ಪ್ರಶ್ನೆಗೆ ಉತ್ತರಿಸುವುದಿಲ್ಲ. ಒಂದು ಸಂಜೆ ಆ ಬೀದಿಯಲ್ಲಿ ನೀವೇ ಓಡಾಡಿ ಬನ್ನಿ.

ನಾನು ಏನು ಕೇಳಿದರೂ ಅಪ್ಪ ಈಗಲೂ ‘ನೋಡೋಣ’ ಅಂತಲೇ ಅನ್ನುತ್ತಾರೆ. ಅದರ ಅರ್ಥ ನನಗೆ ಗೊತ್ತು. ಏಜೆಂಟಿಗೆ ನಾವೇ ಬಿಡಿಸಿ ಹೇಳಬೇಕು.