ಪ್ಲಾಸ್ಮಾಕ್ಕೆ ಬೆಲೆ ಬೇಡ, ಲೆಕ್ಕ ಬೇಕು



2020ರ ಜುಲೈನಲ್ಲಿ ಕೋವಿಡ್ ಏರುತ್ತಿದ್ದಾಗ, ಗುಣಮುಖರಾದವರು ಪ್ಲಾಸ್ಮಾ ಕೊಟ್ಟರೆ 5,000 ರೂಪಾಯಿ ಪ್ರೋತ್ಸಾಹಧನ ನೀಡುವುದಾಗಿ ಕರ್ನಾಟಕ ಸರ್ಕಾರ ಘೋಷಿಸಿತು. ಉದ್ದೇಶ ಒಳ್ಳೆಯದೇ. ಆದರೆ ಅದೇ ವರ್ಷ ಐಸಿಎಂಆರ್ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಆ ಚಿಕಿತ್ಸೆಯಿಂದ ಸಾವು ತಗ್ಗಲಿಲ್ಲ ಎಂದು ಕಂಡುಬಂತು. 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಚಿಕಿತ್ಸೆ ಹೋಯಿತು, ಪ್ರಶ್ನೆ ಉಳಿಯಿತು: ಮೈಯಿಂದ ತೆಗೆದುದಕ್ಕೆ ಹಣ ಕೊಡಬಹುದೇ?

ನಮ್ಮ ತಿಲಕ್ ನಗರದ ಸುತ್ತ ಜಯದೇವ, ಸಂಜಯ್ ಗಾಂಧಿ ಆಸ್ಪತ್ರೆಗಳಿವೆ; ಸ್ವಲ್ಪ ಆಚೆ ನಿಮ್ಹಾನ್ಸ್, ಕಿದ್ವಾಯಿ. ರಕ್ತದ ಅಗತ್ಯ ಇಲ್ಲಿ ನಿತ್ಯದ್ದು. ಗ್ಯಾರೇಜು, ಆಟೋ, ದಿನಗೂಲಿ ನಂಬಿದ ಮನೆಗಳೂ ಇಲ್ಲೇ ಇವೆ. “ಅಮೆರಿಕದಲ್ಲಿ ವಾರಕ್ಕೆ ಎರಡು ಸಲ ಪ್ಲಾಸ್ಮಾ ಕೊಟ್ಟು ದುಡ್ಡು ತಗೋತಾರಂತೆ, ನಮಗೆ ಯಾಕಿಲ್ಲ ಸಾರ್?” ಎಂದು ಒಬ್ಬ ಯುವಕ ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ.

ನಮ್ಮಲ್ಲೂ ಹಣಕ್ಕೆ ರಕ್ತ ಕೊಡುವವರಿದ್ದರು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎರಡು ವರ್ಷದೊಳಗೆ ನಿಲ್ಲಿಸಲು ಆದೇಶಿಸಿತು. 1998ರಿಂದ ಅದು ನಿಷಿದ್ಧ. ಕಾರಣ ಸರಳ. ಹಣದ ತುರ್ತಿರುವವನು ತನ್ನ ಕಾಯಿಲೆಯನ್ನು ಮುಚ್ಚಿಡುತ್ತಾನೆ, ಚೇತರಿಸಿಕೊಳ್ಳುವ ಮೊದಲೇ ಮತ್ತೆ ಕೈ ಚಾಚುತ್ತಾನೆ. ಅಪಾಯ ಕೊಡುವವನಿಗೂ ಹೌದು, ಪಡೆಯುವವನಿಗೂ ಹೌದು.

ಶರಣರ ದೃಷ್ಟಿಯಲ್ಲೂ ಇದು ಸ್ಪಷ್ಟ. ಕಾಯಕ ಎಂದರೆ ದೇಹದಿಂದ ದುಡಿಯುವುದು, ದೇಹವನ್ನೇ ಮಾರುವುದಲ್ಲ. ರಕ್ತ ಕೊಡುವುದು ದಾಸೋಹ. ಯುವಕನ ಕೈ ಖಾಲಿಯಾಗಿದ್ದರೆ ಸಮಾಜ ಅವನಿಗೆ ಕೆಲಸ ತೋರಿಸಬೇಕು, ಸೂಜಿಯನ್ನಲ್ಲ.

ಆದರೆ ಆ ಯುವಕನಿಗೆ ಇಷ್ಟೇ ಹೇಳಿ ಕಳುಹಿಸಿದರೆ ಅನ್ಯಾಯ. ಶಿಬಿರದಲ್ಲಿ ಕೊಟ್ಟ 350 ಮಿಲಿ ಲೀಟರ್ ರಕ್ತವನ್ನು ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸುತ್ತಾರೆ. ಉಳಿದ ಪ್ಲಾಸ್ಮಾ ಔಷಧ ತಯಾರಿಕೆಗೆ ಹೋಗುತ್ತದೆ. ಅದರಿಂದ ಆಲ್ಬುಮಿನ್, ಇಮ್ಯುನೋಗ್ಲಾಬ್ಯುಲಿನ್, ಹಿಮೋಫಿಲಿಯಾ ರೋಗಿಗಳಿಗೆ ಬೇಕಾದ ಅಂಶಗಳು ಸಿಗುತ್ತವೆ. 2015ರಲ್ಲಿ ಕೇಂದ್ರ ಸರ್ಕಾರ ಇಂಥ ಹೆಚ್ಚುವರಿ ಪ್ಲಾಸ್ಮಾಕ್ಕೆ ಲೀಟರಿಗೆ 1,600 ರೂಪಾಯಿ ವಿನಿಮಯ ಮೌಲ್ಯ ನಿಗದಿ ಮಾಡಿತು. ಕೊಟ್ಟವನಿಗೆ ಸಿಕ್ಕಿದ್ದು ಬಿಸ್ಕತ್ತು, ಹಣ್ಣಿನ ರಸ, ಒಂದು ಪ್ರಮಾಣಪತ್ರ. ಅದು ಸರಿಯೇ, ಆದರೆ ಆ ಹಣ ಎಲ್ಲಿಗೆ ಹೋಯಿತೆಂದು ತಿಳಿಯುವ ಹಕ್ಕೂ ಅವನಿಗಿದೆ.

ಮಾರಯ್ಯ ಶರಣರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮ ತಾಯಿ ಅದನ್ನು ಹಿಂದಿರುಗಿಸಲು ಹೇಳಿದ ಕಥೆ ನಮಗೆಲ್ಲ ಗೊತ್ತು. ಹೆಚ್ಚುವರಿ ಎಂದಾಗ ಲೆಕ್ಕ ಕೇಳುವುದು ನಮ್ಮ ಪರಂಪರೆ. ಸರ್ಕಾರಿ ಕಾಮಗಾರಿಯಲ್ಲಿ ಅಳತೆ ಪುಸ್ತಕ ತುಂಬದೆ ನಾವು ಬಿಲ್ ಪಾಸು ಮಾಡುತ್ತಿರಲಿಲ್ಲ. ರಕ್ತಕ್ಕೂ ಅಷ್ಟು ಶಿಸ್ತು ಬೇಡವೇ?

ಬಸವ ಜಯಂತಿಗೆ ಶಿಬಿರ ನಡೆಸುವ ಮಠಗಳು ಮೂರು ಕೆಲಸ ಮಾಡಲಿ. ಎಷ್ಟು ಯೂನಿಟ್ ಸಂಗ್ರಹವಾಯಿತು, ಎಷ್ಟು ರೋಗಿಗಳಿಗೆ ಹೋಯಿತು, ಎಷ್ಟು ಪ್ಲಾಸ್ಮಾ ಹೊರಹೋಯಿತು, ಅದರಿಂದ ಬಂದ ಹಣ ಏನಾಯಿತು ಎಂಬ ಲಿಖಿತ ವರದಿಯನ್ನು ರಕ್ತನಿಧಿಯಿಂದ ಪಡೆದು ಮಠದ ಫಲಕದಲ್ಲಿ ಹಾಕಲಿ. ಆ ಹಣ ಬಡ ರೋಗಿಗಳ ಸಂಸ್ಕರಣಾ ಶುಲ್ಕಕ್ಕೆ ಬಳಕೆಯಾಗಬೇಕೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಲಿ. ವರ್ಷಕ್ಕೊಂದು ಜಾತ್ರೆಯಂತೆ ಶಿಬಿರ ಮಾಡುವ ಬದಲು, ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದಾದಂತೆ ದಾನಿಗಳ ಪಟ್ಟಿ ಇಡಲಿ.

ಬೆಲೆ ಕೇಳದೆ ಕೊಡುವವನು ಲೆಕ್ಕ ಕೇಳಿದರೆ ಯಾರೂ ಬೇಸರಪಡಬಾರದು. ವರದಿ ಕೊಡಲೊಪ್ಪದ ರಕ್ತನಿಧಿಗೆ ಮುಂದಿನ ಶಿಬಿರವನ್ನು ಕೊಡಬೇಡಿ.