ಕೀಲಿನ ಹತ್ತಿರ ಮುರಿದ ಎಲುಬಿಗೆ ತಾಲ್ಲೂಕಿನಲ್ಲೇ ಸಕಾಲಿಕ ಚಿಕಿತ್ಸೆ ಕೋರಿ ಮನವಿ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಬೆಳಗಾವಿ.
(ತಾಲ್ಲೂಕು ಆರೋಗ್ಯಾಧಿಕಾರಿಗಳು, ರಾಮದುರ್ಗ, ಇವರ ಮುಖಾಂತರ)

ಇಂದ,
ಸಾಲಹಳ್ಳಿ ಹಾಗೂ ಸುತ್ತಲಿನ ಹಳ್ಳಿಗಳ ನಾಗರಿಕರು,
ರಾಮದುರ್ಗ ತಾಲ್ಲೂಕು.

ವಿಷಯ: ಮೊಣಕೈ, ಮಣಿಕಟ್ಟು, ಮೊಣಕಾಲು ಮತ್ತು ಚಪ್ಪೆಯ ಕೀಲುಗಳ ಬಳಿ ಎಲುಬು ಮುರಿದವರಿಗೆ ಎಕ್ಸ್-ರೇ, ಪ್ರಥಮ ಚಿಕಿತ್ಸೆ ಹಾಗೂ ಶಸ್ತ್ರಚಿಕಿತ್ಸೆಯ ವ್ಯವಸ್ಥೆ ಮಾಡುವ ಕುರಿತು.

ಮಾನ್ಯರೇ,

ನಾಗರ ಪಂಚಮಿ ಬಂದರೆ ನಮ್ಮ ಭಾಗದ ಬೇವು, ಹುಣಸೆ ಮರಗಳಿಗೆಲ್ಲ ಜೋಕಾಲಿ ಬೀಳುತ್ತವೆ. ಇಂಥದೇ ಒಂದು ಪಂಚಮಿಯ ಸಂಜೆ ನಮ್ಮ ಓಣಿಯ ಏಳು ವರ್ಷದ ಹುಡುಗ ಜೋಕಾಲಿಯಿಂದ ಜಾರಿ, ಬಲಗೈ ಊರಿ ಬಿದ್ದ. ಮೊಣಕೈ ನೋಡನೋಡುತ್ತ ಊದಿಕೊಂಡಿತು. ಕತ್ತಲಾಗಿತ್ತು, ಬಸ್ಸಿರಲಿಲ್ಲ. ಹಿರಿಯರು ಎಲುಬು ಕಟ್ಟುವವರ ಹತ್ತಿರ ಕರೆದೊಯ್ದರು. ಬಿದಿರ ದಬ್ಬೆ ಇಟ್ಟು ಬಟ್ಟೆ ಬಿಗಿದು ಕಟ್ಟಿದರು. ರಾತ್ರಿಯಿಡೀ ಮಗು ಚೀರಿತು. ಕಟ್ಟಿದ ಮೇಲೆ ನೋವು ಇದ್ದದ್ದೇ ಎಂದು ನಾವೇ ಆ ತಾಯಿಗೆ ಸಮಾಧಾನ ಹೇಳಿದೆವು. ಬೆಳಗಿನ ಜಾವ ಅವಳು ಮಗನ ಮಡಚಿದ ಬೆರಳೊಂದನ್ನು ಬಿಡಿಸಲು ಹೋದಳು. ಅವನು ಕೂಗಿದ ಕೂಗಿಗೆ ಅಕ್ಕಪಕ್ಕದ ಮನೆಯವರೆಲ್ಲ ಎದ್ದು ಬಂದರು. ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದ್ದವು.

ದೊಡ್ಡ ಊರಿಗೆ ಹೊರಟೆವು. ದಾರಿಯಲ್ಲಿ ಸಿಕ್ಕ ಆಸ್ಪತ್ರೆಯೊಂದರಲ್ಲಿ ಎದುರಿನಿಂದ ಒಂದೇ ಎಕ್ಸ್-ರೇ ಚಿತ್ರ ತೆಗೆದು, ಸಣ್ಣ ಬಿರುಕು ಎಂದರು. ಬಗಲಿನಿಂದ ತೆಗೆಯಲಿಲ್ಲ. ದೊಡ್ಡ ಊರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಎಲುಬೇನೋ ಕೂಡಿತು. ಬೆರಳುಗಳು ಒಳಗೆ ಮಡಚಿಕೊಂಡು ಹಾಗೇ ಉಳಿದಿವೆ. ಹುಡುಗ ಈಗ ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಾನೆ.

ಮಕ್ಕಳ ಮೊಣಕೈ ಮುರಿತಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ, ತೋಳೆಲುಬು ಮೊಣಕೈಗಿಂತ ತುಸು ಮೇಲೆ ಮುರಿಯುವುದು. ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಆ ಜಾಗದ ಮುಂದೆಯೇ ಹಾಯುತ್ತದೆ. ಮುರಿದ ತುದಿ ಅದನ್ನು ಒತ್ತಬಹುದು. ಊತದ ಮೇಲೆ ಬಿಗಿಯಾದ ಕಟ್ಟು ಬಿದ್ದರೆ ಮುಂಗೈಯ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಆರು ತಾಸು ಕಳೆಯುವಷ್ಟರಲ್ಲಿ ಆ ಸ್ನಾಯು ಸಾಯತೊಡಗುತ್ತದೆ. ಹೀಗೆ ಕೈ ಸೆಟೆದು ಮಡಚಿಕೊಳ್ಳುವುದನ್ನು ಜರ್ಮನಿಯ ವೈದ್ಯ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದಾರೆ. ಅಷ್ಟು ಹಳೆಯ, ತಡೆಯಬಹುದಾದ ಹಾನಿ ಇಂದೂ ನಮ್ಮ ಮಕ್ಕಳಿಗೆ ಆಗುತ್ತಿರುವುದೇ ನಮ್ಮ ಸಂಕಟ. ನಾಡಿ ಸಿಕ್ಕಿತು ಎಂಬುದೊಂದೇ ಧೈರ್ಯವಲ್ಲ. ನೋವು ತಾಸುತಾಸಿಗೆ ಏರುವುದು, ಬೆರಳು ಬಿಡಿಸಿದರೆ ತಡೆಯದಷ್ಟು ನೋಯುವುದು, ಇವೇ ಮೊದಲ ಎಚ್ಚರಿಕೆ. ಇದನ್ನು ಪ್ರತಿಯೊಬ್ಬ ಆಶಾ ಕಾರ್ಯಕರ್ತೆಗೆ, ಶಾಲೆಯ ಶಿಕ್ಷಕರಿಗೆ, 108 ಆಂಬುಲೆನ್ಸ್ ಸಿಬ್ಬಂದಿಗೆ ಕಲಿಸಬೇಕೆಂದು ಮೊಟ್ಟಮೊದಲು ಕೇಳಿಕೊಳ್ಳುತ್ತೇವೆ. ಇದಕ್ಕೆ ಹಣ ಬೇಕಿಲ್ಲ, ಒಂದು ಮಧ್ಯಾಹ್ನ ಸಾಕು.

ಎಲುಬು ಕಟ್ಟುವವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಡಾಕ್ಟರು ಸಿಗದ ಕಾಲದಲ್ಲಿ ಊರಿಗೆ ಆಸರೆಯಾದವರು ಅವರು. ಅವರು ಕಟ್ಟಿದ ಕೈಕಾಲು ನೆಟ್ಟಗೆ ಕೂಡಿದ್ದನ್ನೂ ಕಂಡಿದ್ದೇವೆ. ಆದರೆ ಕೀಲಿನ ಲೆಕ್ಕ ಬೇರೆ. ಕೀಲಿನೊಳಗಿನ ನುಣುಪು ಮೈ ಎರಡು ಮಿಲಿಮೀಟರ್ ಏರುಪೇರಾದರೂ ಮುಂದೆ ಸವೆತ, ನೋವು ಕಾಡಬಹುದು. ಬೆಳೆಯುವ ಮಕ್ಕಳ ಎಲುಬಿನ ತುದಿಯ ಬೆಳವಣಿಗೆಯ ಪಟ್ಟಿಗೆ ಪೆಟ್ಟಾದರೆ ಕೈ ಸೊಟ್ಟಗೆ ಬೆಳೆಯಬಹುದು. ಕಟ್ಟು ಬಿಚ್ಚಿದ ಮೇಲೆ ಮೊಣಕೈಗೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿದರೆ ಸ್ನಾಯುವಿನಲ್ಲೇ ಎಲುಬು ಬೆಳೆದು ಕೀಲು ಬಿಗಿಯುವುದುಂಟು. ಆದ್ದರಿಂದ ಈ ಕಸುಬಿನವರನ್ನು ಗೌರವದಿಂದ ಕರೆಸಿ, ಕೀಲಿನ ಪೆಟ್ಟು ಕಂಡರೆ ಬಿಗಿಯದೆ, ತಿಕ್ಕದೆ, ಕೈಯನ್ನು ಇದ್ದ ಸ್ಥಿತಿಯಲ್ಲೇ ಆಸರೆ ಕೊಟ್ಟು ಕೂಡಲೇ ಕಳಿಸುವಂತೆ ತಿಳಿಹೇಳಬೇಕು. ಊರು ಅವರ ಮಾತು ಕೇಳುತ್ತದೆ.

ನಮ್ಮ ಮುಖ್ಯ ಬೇಡಿಕೆ ರಾಮದುರ್ಗದ ತಾಲ್ಲೂಕು ಆಸ್ಪತ್ರೆಗೆ ಸಂಬಂಧಿಸಿದ್ದು. ರಾತ್ರಿ, ಭಾನುವಾರ, ಹಬ್ಬದ ದಿನಗಳಲ್ಲೂ ಅಲ್ಲಿ ಎಕ್ಸ್-ರೇ ಸಿಗುವುದನ್ನು ಖಾತ್ರಿಪಡಿಸಬೇಕು. ಬೀಳುವವರು ವಾರ ನೋಡಿ ಬೀಳುವುದಿಲ್ಲ. ಕೀಲಿನ ಪೆಟ್ಟಿಗೆ ಎದುರಿನಿಂದ ಒಂದು, ಬಗಲಿನಿಂದ ಒಂದು, ಹೀಗೆ ಕಡ್ಡಾಯವಾಗಿ ಎರಡು ಚಿತ್ರ ತೆಗೆಯಬೇಕು. ಮಗುವಿನ ಮೊಣಕೈಯಲ್ಲಿ ಎಲುಬಾಗಿ ಗಟ್ಟಿಯಾಗುವ ಆರು ಕೇಂದ್ರಗಳು ಬೇರೆಬೇರೆ ವಯಸ್ಸಿಗೆ ಕಾಣಿಸಿಕೊಳ್ಳುವುದರಿಂದ, ಸಂದೇಹವಿದ್ದರೆ ಆಚೆ ಕೈಯದನ್ನೂ ತೆಗೆದು ಹೋಲಿಸಬೇಕು. ಚಿತ್ರವನ್ನು ಆಗಲೇ ಬೆಳಗಾವಿಯ ಬಿಮ್ಸ್ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಎಲುಬು ತಜ್ಞರಿಗೆ ಮೊಬೈಲಿನಲ್ಲಿ ಕಳಿಸಿ ಸಲಹೆ ಪಡೆಯುವ ಏರ್ಪಾಡು ಬೇಕು. ಎಲುಬು ತಜ್ಞರು ಯಾವ ದಿನ, ಎಷ್ಟು ಹೊತ್ತಿಗೆ ಇರುತ್ತಾರೆಂಬುದನ್ನು ಹಲಗೆಯ ಮೇಲೆ ಬರೆಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪ್ಲಾಸ್ಟರ್ ಸಾಮಗ್ರಿ, ನೋವಿನ ಔಷಧ ಸದಾ ಇರಬೇಕು. ಮೊದಲ ದಿನಗಳಲ್ಲಿ ಊತ ಹೆಚ್ಚುವುದರಿಂದ ಸುತ್ತಲೂ ಪೂರ್ತಿ ಪ್ಲಾಸ್ಟರ್ ಹಾಕದೆ, ಒಂದು ಬದಿಗೆ ಮಾತ್ರ ಆಸರೆಯ ಪಟ್ಟಿ ಕೊಡುವ ಅಭ್ಯಾಸ ಸಿಬ್ಬಂದಿಗಿರಬೇಕು.

ಒಮ್ಮೆ ಸರಿಯಾಗಿ ಕೂತ ಎಲುಬು ವಾರದೊಳಗೆ ಜರುಗಬಹುದು. ಆದ್ದರಿಂದ ಮರುಚಿತ್ರ ಉಚಿತವಾಗಿರಲಿ. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದವರು ಎರಡನೇ ಸಲ ದುಡ್ಡೆಂದರೆ ಬರುವುದನ್ನೇ ಬಿಡುತ್ತಾರೆ.

ಮುದುಕರ ಪಾಡು ಇನ್ನೊಂದು. ಹೊಸ್ತಿಲು ಎಡವಿ, ಬಚ್ಚಲಲ್ಲಿ ಜಾರಿ ಚಪ್ಪೆ ಎಲುಬು ಮುರಿದುಕೊಂಡ ಅಜ್ಜಿಯನ್ನು, ವಯಸ್ಸಾಯಿತು ಎಂದು ಮೂಲೆಯಲ್ಲಿ ಮಲಗಿಸಿಬಿಡುತ್ತಾರೆ. ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಅದು ಮುರಿತವೆಂದು ಯಾರಾದರೂ ಗುರುತಿಸಬಹುದು. ಆದಷ್ಟೂ 48 ತಾಸಿನೊಳಗೆ ಶಸ್ತ್ರಚಿಕಿತ್ಸೆಯಾಗಬೇಕಾದ ರೋಗಿ ಬೆನ್ನುಹುಣ್ಣು, ಕಫದಿಂದ ತೀರಿಹೋಗುತ್ತಾಳೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಅದು ಸಮಯಕ್ಕೆ ಕೈಸೇರಬೇಕಾದರೆ ಶಿಫಾರಸು ಚೀಟಿ ರಾತ್ರಿಯೂ ಸಿಗಬೇಕು, ರಕ್ತ ಸಂಚಾರಕ್ಕೆ ಕುತ್ತು ಬಂದ ಮುರಿತಗಳನ್ನು ತುರ್ತು ಎಂದೇ ಪರಿಗಣಿಸಬೇಕು.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನಡಿ ಮೊಣಕಾಲು ಸಿಕ್ಕಿಸಿಕೊಂಡವರಿಗೂ, ಕಟ್ಟು ಬಿಚ್ಚಿದ ಎಲ್ಲರಿಗೂ ವಾರಕ್ಕೊಮ್ಮೆಯಾದರೂ ತಾಲ್ಲೂಕಿನಲ್ಲಿ ಫಿಜಿಯೋಥೆರಪಿ ದೊರಕಬೇಕು.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದೂ, ಎಕ್ಸ್-ರೇ ಮತ್ತು ತರಬೇತಿಯ ಕೆಲಸ ಬರುವ ನಾಗರ ಪಂಚಮಿಯೊಳಗೆ ಆಗಬೇಕೆಂದೂ ಕೈಮುಗಿದು ಕೋರುತ್ತೇವೆ.

ಸ್ಥಳ: ಸಾಲಹಳ್ಳಿ

ಇಂತಿ ತಮ್ಮ ವಿಶ್ವಾಸಿಗಳು,
ಸಾಲಹಳ್ಳಿ ಹಾಗೂ ಸುತ್ತಲಿನ ಹಳ್ಳಿಗಳ ನಾಗರಿಕರು