ಬಯಲುಸೀಮೆಯಲ್ಲಿ ಅಲೆಯ ಕೊಳ: ಯಾರ ಪಾಲಿನ ನೀರಿನಲ್ಲಿ?

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಸುಗ್ಗಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ನಸುಕಿನಲ್ಲೇ ಹೊರಡುವ ಬಸ್ಸುಗಳು ಹಲವು. ಅವುಗಳಲ್ಲಿ ಕೆಲವಾದರೂ ಬೆಂಗಳೂರನ್ನು ದಾಟಿ ಬಿಡದಿಯ ವಂಡರ್‌ಲಾದ ಬಾಗಿಲಲ್ಲಿ ನಿಲ್ಲುತ್ತವೆ. ಅಲ್ಲಿಗೆ ಹೋಗುವುದಕ್ಕೆ 'ಶೈಕ್ಷಣಿಕ' ಎಂಬ ವಿಶೇಷಣ ಏಕೆ ಅಂಟಿಕೊಂಡಿದೆಯೋ ತಿಳಿಯದು. ಆದರೂ ಮಕ್ಕಳು ನೀರಿನಲ್ಲಿ ಆಡಿ ನಕ್ಕು ಬರುವುದಕ್ಕೆ ಈ ಲೇಖಕನ ತಕರಾರಿಲ್ಲ. ತಕರಾರಿರುವುದು ಹಿಂದಿರುಗಿದ ಮೇಲೆ ಹಿರಿಯರ ಬಾಯಲ್ಲಿ ಕೇಳಿಬರುವ ಮಾತಿಗೆ: "ನಮ್ಮ ಕಡೆಗೂ ಇಂಥದ್ದೊಂದು ಬರಬಾರದೇ? ಬೆಟ್ಟಗಳಿವೆ, ಭೂಮಿ ಅಗ್ಗವಾಗಿದೆ, ಹೆದ್ದಾರಿ ಬಂದಿದೆ." ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯು ಮಾಲೂರು, ಬಂಗಾರಪೇಟೆಗಳ ಹೊಲಗಳನ್ನು ಸೀಳಿಕೊಂಡು ಹೋದ ನಂತರ ಈ ಮಾತಿಗೆ ಬಲ ಬಂದಿದೆ. ಮಾತು ಅರ್ಜಿಯ ರೂಪ ತಾಳುವ ಮೊದಲೇ ಅದರ ನೀರಿನ ಲೆಕ್ಕವನ್ನು ಗ್ರಾಮಸ್ಥರೂ ವಿದ್ಯಾರ್ಥಿಗಳೂ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ಆ ಉದ್ಯಮದ ಚರಿತ್ರೆಯನ್ನು ಸ್ವಲ್ಪ ನೋಡೋಣ. 1977ರಲ್ಲಿ ವೋಲ್ಟೇಜ್ ಸ್ಟೆಬಿಲೈಸರ್ ತಯಾರಿಕೆಯಿಂದ ವಿ-ಗಾರ್ಡ್ ಸಂಸ್ಥೆಯನ್ನು ಕಟ್ಟಿದ ಕೇರಳದ ಉದ್ಯಮಿ ಕೊಚೌಸೇಫ್ ಚಿಟ್ಟಿಲಪಿಳ್ಳಿಯವರು 2000ದಲ್ಲಿ ಕೊಚ್ಚಿಯ ಬಳಿ ವೀಗಾಲ್ಯಾಂಡ್ ತೆರೆದರು. 2005ರಲ್ಲಿ ಮೈಸೂರು ರಸ್ತೆಯ ಬಿಡದಿ ಸಮೀಪದಲ್ಲಿ ವಂಡರ್‌ಲಾ ಬಂತು. 2014ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಇಳಿಯಿತು. 2016ರಲ್ಲಿ ಹೈದರಾಬಾದ್, 2024ರಲ್ಲಿ ಭುವನೇಶ್ವರ, 2025ರಲ್ಲಿ ಚೆನ್ನೈ. ಬಿಡದಿಯದು ಸುಮಾರು 82 ಎಕರೆಯ ಆವರಣ, ಅರವತ್ತಕ್ಕೂ ಮಿಕ್ಕ ಆಟಗಳು, ವಯಸ್ಕರಿಗೆ ಸಾವಿರ ರೂಪಾಯಿ ದಾಟುವ ಪ್ರವೇಶದರ. ತಲೆಕೆಳಗಾಗಿ ಓಡುವ ರೈಲು, ಆಕಾಶಕ್ಕೇರಿಸುವ ಚಕ್ರ, ಯಂತ್ರ ಎಬ್ಬಿಸುವ ಅಲೆಗಳ ಕೊಳ, ರಬ್ಬರ್ ದೋಣಿಯಲ್ಲಿ ಮಲಗಿ ತೇಲುವ ಕೃತಕ ನದಿ. ಇವುಗಳ ನಡುವೆ ಮಳೆಯ ಡಿಸ್ಕೊ ಎಂಬುದೊಂದಿದೆ: ಚಾವಣಿಯ ಕೊಳವೆಗಳಿಂದ ಬೆಚ್ಚನೆಯ ಮಳೆ ಸುರಿಯುತ್ತದೆ, ಕೆಳಗೆ ಜನ ಕುಣಿಯುತ್ತಾರೆ. ಮಳೆಗಾಗಿ ಕತ್ತೆಗಳಿಗೆ ಮದುವೆ ಮಾಡಿಸುವ ಸೀಮೆಯ ಮಕ್ಕಳು ಅದರ ಕೆಳಗೆ ನಿಂತು ಏನೆಂದುಕೊಳ್ಳುತ್ತಾರೋ, ಯಾವ ಮೇಷ್ಟರೂ ಕೇಳಿದಂತಿಲ್ಲ.

ಆಟವೆಂಬುದು ನಮಗೆ ಹೊರಗಿನಿಂದ ಬರಬೇಕಾದ ವಸ್ತುವೇನೂ ಅಲ್ಲ. ಜಾರುಬಂಡೆ ಎಂಬ ಪದವೇ ಬಂಡೆಯಿಂದ ಬಂದದ್ದು. ಇಂದು ಪ್ಲಾಸ್ಟಿಕ್ಕಿನಲ್ಲಿ ಅಚ್ಚುಹಾಕಿದ್ದಕ್ಕೂ ಅದೇ ಹೆಸರು. ಶಿವರಾತ್ರಿಯ ಹೊತ್ತಿಗೆ ಆವನಿಯ ದನಗಳ ಜಾತ್ರೆಗೆ ಬರುವ ತಿರುಗುವ ತೊಟ್ಟಿಲು ಲಾರಿಯಲ್ಲಿ ಬಂದು ಲಾರಿಯಲ್ಲೇ ಹೋಗುತ್ತದೆ. ಅದು ಕೊಳವೆಬಾವಿ ಕೊರೆಯುವುದಿಲ್ಲ, ಬೇಲಿ ಹಾಕುವುದಿಲ್ಲ.

ಈಗ ಲೆಕ್ಕ. ವರ್ಷಪೂರ್ತಿ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ವಾರ್ಷಿಕ ಮಳೆ ಸರಾಸರಿ 740 ಮಿಲಿಮೀಟರಿನ ಆಸುಪಾಸು. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ನಮ್ಮ ತಾಲ್ಲೂಕುಗಳು ವರ್ಷಗಳಿಂದ ಕುಳಿತಿವೆ. ಸಾವಿರದ ಇನ್ನೂರು ಅಡಿ ಕೊರೆದರೂ ಧೂಳು ಬರುವುದನ್ನು ಕಂಡವರೇ ನಾವೆಲ್ಲ. ಇಂಥ ನೆಲದಲ್ಲಿ ಒಂದು ಎಕರೆ ವಿಸ್ತೀರ್ಣದ ತೆರೆದ ಕೊಳವಿದೆಯೆಂದು ಭಾವಿಸಿ. ಈ ಪ್ರಸ್ಥಭೂಮಿಯಲ್ಲಿ ತೆರೆದ ನೀರಿನ ಮೇಲ್ಮೈಯಿಂದ ದಿನಕ್ಕೆ ಸರಾಸರಿ 5 ಮಿಲಿಮೀಟರ್ ಆವಿಯಾಗುತ್ತದೆಂದು ಹಿಡಿದರೆ ಸುಮಾರು 20 ಸಾವಿರ ಲೀಟರ್. ಏಪ್ರಿಲ್ ಬಿಸಿಲಿನಲ್ಲಿ ಅದು 7 ಮಿಲಿಮೀಟರಿಗೇರಿದರೆ 28 ಸಾವಿರ ಲೀಟರ್. ಜಲಜೀವನ್ ಯೋಜನೆಯು ಗ್ರಾಮೀಣ ವ್ಯಕ್ತಿಯೊಬ್ಬನಿಗೆ ದಿನಕ್ಕೆ ನಿಗದಿ ಮಾಡಿರುವುದು 55 ಲೀಟರ್. ಅಂದರೆ ಐನೂರು ಜನರ ಒಂದು ಹಳ್ಳಿಯ ಕುಡಿಯುವ, ಬಳಸುವ ನೀರು ಒಂದೇ ಕೊಳದಿಂದ ಯಾರ ಕಣ್ಣಿಗೂ ಬೀಳದೆ ಗಾಳಿಗೆ ಹೋಗುತ್ತದೆ. ಸೋಸುಯಂತ್ರ ತೊಳೆಯುವ ನೀರು, ಸಾವಿರಾರು ಜನರ ಸ್ನಾನ, ಶೌಚ, ಅಡುಗೆ ಇವು ಈ ಲೆಕ್ಕಕ್ಕೆ ಇನ್ನೂ ಸೇರಿಲ್ಲ. "ನಾವು ನೀರನ್ನು ಸೋಸಿ ಮತ್ತೆ ಮತ್ತೆ ಬಳಸುತ್ತೇವೆ" ಎಂದು ಇಂಥ ಉದ್ಯಮಗಳು ಹೇಳುತ್ತವೆ. ನಿಜವೇ ಇರಬಹುದು, ಆದರೆ ಆವಿಯನ್ನು ಸೋಸಿ ಹಿಂದಕ್ಕೆ ತರುವ ಯಂತ್ರ ಇನ್ನೂ ಬಂದಿಲ್ಲ.

ಮಳೆಕೊಯ್ಲಿನ ಸಮಾಧಾನವೂ ಬಹಳ ದೂರ ಬರುವುದಿಲ್ಲ. ಆ ಕೊಳದ ಮೇಲೆ ವರ್ಷಕ್ಕೆ ಬೀಳುವುದು 740 ಮಿಲಿಮೀಟರ್, ಅದರಿಂದ ಹಾರಿಹೋಗುವುದು 1,800 ಮಿಲಿಮೀಟರ್. ಉಳಿದದ್ದನ್ನು ಸುತ್ತಲಿನ ಇಳಿಜಾರಿನಿಂದ ಹಿಡಿಯಬೇಕು. ಆ ಇಳಿಜಾರಿನ ನೀರು ವಾರಸುದಾರರಿಲ್ಲದ ನೀರೇ? ಅದು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರಬೇಕಾದದ್ದು. ಶತಶೃಂಗದ ಸಾಲನ್ನೇ ನೋಡಿ: ಬಂಡೆಯ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ಬರುತ್ತದೆ, ಮಿಕ್ಕದ್ದು ಹಳ್ಳಹಿಡಿದು ಊರ ಕುಂಟೆ, ಗೋಕಟ್ಟೆ, ಕೆರೆಗಳಿಗೆ. ಜಿಲ್ಲೆಯ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಕಟ್ಟಿದವರು ಈ ಇಳಿಜಾರುಗಳನ್ನು ಓದಬಲ್ಲವರಾಗಿದ್ದರು. ಬೆಟ್ಟದ ಬುಡದ ಎಂಬತ್ತು ಎಕರೆಗೆ ಗೋಡೆ ಕಟ್ಟಿ, ಒಳಗೆ ಬಿದ್ದ ಮಳೆ ನಮ್ಮದೆಂದು ಹಿಡಿದಿಟ್ಟರೆ ಅದನ್ನು ಕೊಯ್ಲೆನ್ನಲಾಗದು. ಬೇರೆಯವರ ಹೊಲದ ಫಸಲನ್ನು ಕೊಯ್ದಂತೆ.

ಇಲ್ಲಿ ರೈತಮಿತ್ರರೊಬ್ಬರು ನ್ಯಾಯವಾದ ಪ್ರಶ್ನೆ ಎತ್ತಬಹುದು: ಒಂದು ಎಕರೆ ಟೊಮ್ಯಾಟೊ ಕುಡಿಯುವ ನೀರೆಷ್ಟು? ಕೃಷಿ ವಿಜ್ಞಾನ ಓದಿದವನಾಗಿ ಇದನ್ನು ಮುಚ್ಚಿಡಲಾರೆ. ಪೂರ್ತಿ ಬೆಳೆದು ಹರಡಿದ ಟೊಮ್ಯಾಟೊ ತೋಟ ದಿನಕ್ಕೆ ಬಳಸುವುದೂ ಸರಿಸುಮಾರು ಅಷ್ಟೇ ನೀರನ್ನು. ಹಾಗಾದರೆ ವ್ಯತ್ಯಾಸವೇನು? ವ್ಯತ್ಯಾಸವಿರುವುದು ಕಾಲದಲ್ಲಿ. ಬಾವಿ ಸೋತ ವರ್ಷ ರೈತ ಬೇಸಿಗೆಯ ಬೆಳೆಯನ್ನು ಕೈಬಿಡುತ್ತಾನೆ, ಹೊಲ ಬೀಳು ಬಿಡುತ್ತಾನೆ, ನಷ್ಟವನ್ನು ತಾನೇ ನುಂಗುತ್ತಾನೆ. ಅಲೆಯ ಕೊಳಕ್ಕೆ ಬೀಳು ಎಂಬುದಿಲ್ಲ. ಶಾಲೆಗಳಿಗೆ ರಜೆ ಸಿಗುವ ಏಪ್ರಿಲ್-ಮೇ ತಿಂಗಳುಗಳೇ ಅದಕ್ಕೆ ಸುಗ್ಗಿ. ನಮ್ಮ ಅಂತರ್ಜಲ ತಳ ಹಿಡಿಯುವುದೂ ಆಗಲೇ. ಜನ ಹೆಚ್ಚಿದಷ್ಟೂ, ಬಿಸಿಲು ಹೆಚ್ಚಿದಷ್ಟೂ ಅದಕ್ಕೆ ನೀರು ಹೆಚ್ಚು ಬೇಕು. ಮತ್ತೊಂದು ವ್ಯತ್ಯಾಸ ಆಳದ್ದು. ಕೊರೆಯುವ ಸ್ಪರ್ಧೆಯಲ್ಲಿ ಗೆಲ್ಲುವುದು ಬಂಡವಾಳ. ನೆರೆಯ ಹೊಲದವನು ಎರಡನೆಯ ಬಾವಿಗೆ ಸಾಲ ಮಾಡುವ ಹೊತ್ತಿಗೆ ಕಂಪನಿಯ ನಾಲ್ಕನೆಯ ಬಾವಿ ಅವನ ಬಂಡೆಯ ಬಿರುಕಿನೊಳಗೇ ಕೈಹಾಕಿರುತ್ತದೆ. 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಹೌದು. ಅನುಮತಿ ಯಾರ ಕಾಲಿಗೆ ಬೇಗ ನಡೆದು ಬರುತ್ತದೆಂಬುದು ಓದುಗರಿಗೆ ಗೊತ್ತು.

ಕೆರೆಯನ್ನೇ ವಿನೋದದ ತೊಟ್ಟಿಯಾಗಿ ಮಾಡಿದ ಉದಾಹರಣೆಯೂ ದೂರದಲ್ಲಿಲ್ಲ. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರವು ಬೆಂಗಳೂರಿನ ಹೆಬ್ಬಾಳ, ಅಗರ, ನಾಗವಾರ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ನಾಗವಾರದ ದಂಡೆಯಲ್ಲಿ ಲುಂಬಿನಿ ಗಾರ್ಡನ್ಸ್ ಬಂತು: ದೋಣಿವಿಹಾರ, ಅಲೆಯ ಕೊಳ, ತಿಂಡಿಯಂಗಡಿ, ಒಳಹೋಗಲು ಚೀಟಿ. ದನ ತೊಳೆಯುತ್ತಿದ್ದವರು, ಮೀನು ಹಿಡಿಯುತ್ತಿದ್ದವರು ಹೊರಗುಳಿದರು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಇದರ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ಕೆರೆಗಳ ರಕ್ಷಣೆಗೆ ಮಾಡಿದ ಶಿಫಾರಸುಗಳನ್ನು ಹೈಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು.

ಆ ನಾಗವಾರದ ಹೆಸರು ನಮಗೆ ಬೇರೆ ದಾರಿಯಿಂದಲೂ ಪರಿಚಿತ. ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿತ ಕೊಳಚೆ ನೀರು, 2007ರವರೆಗೆ ನಮ್ಮದೇ ಜಿಲ್ಲೆಯಾಗಿದ್ದ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೋಗುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯದು 2018ರ ಜೂನ್‌ನಿಂದ ನಮ್ಮ ಕೆರೆಗಳಿಗೆ. ಮೊದಲು ತುಂಬಿದ ಲಕ್ಷ್ಮೀಸಾಗರ ಕೆರೆಯಲ್ಲಿ ಮರುತಿಂಗಳೇ ನೊರೆ ಎದ್ದದ್ದನ್ನು ಮರೆಯಲಾದೀತೇ? ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತ ಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಬೆಂಗಳೂರು ಬಳಸಿ ಬಿಟ್ಟ ನೀರು ನಮ್ಮ ಕೆರೆಗೆ. ನಮ್ಮ ಬಂಡೆಯೊಳಗೆ ಅಳಿದುಳಿದ ನೀರು ವಾರಾಂತ್ಯಕ್ಕೆ ಬರುವ ಬೆಂಗಳೂರಿಗರ ಕೊಳಕ್ಕೆ. ಇಂಥ ವಿನಿಮಯಕ್ಕೆ ಅಭಿವೃದ್ಧಿಯೆಂದು ಹೆಸರಿಡಲು ಬಹಳ ಧೈರ್ಯ ಬೇಕು.

ಸರ್ಕಾರಕ್ಕೆ ಆ ಧೈರ್ಯವಿದೆ. 2024ರಲ್ಲಿ ಕೃಷ್ಣರಾಜಸಾಗರದ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಮೇಲ್ದರ್ಜೆಗೇರಿಸುವ, ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಯೋಜನೆಗೆ ಸಚಿವ ಸಂಪುಟ ಒಪ್ಪಿಗೆ ನೀಡಿತು. 2025ರಲ್ಲಿ ಮಂಡ್ಯದ ರೈತರು ಬೀದಿಗಿಳಿದರು, ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ಕಾವೇರಿಯ ದಂಡೆಯಲ್ಲಿ ಕುಳಿತವರಿಗೇ ಅಣೆಕಟ್ಟಿನ ಪಕ್ಕದ ವಿನೋದೋದ್ಯಾನ ಆತಂಕ ತಂದಿದ್ದರೆ, ಕೆರೆಯ ಅಂಗಳದಲ್ಲಿ ಜಾಲಿ ಬೆಳೆದಿರುವ ನಾವು ಸುಮ್ಮನೆ ಕೂರುವುದು ಹೇಗೆ?

ಉದ್ಯೋಗ ಸಿಗುತ್ತದೆಂಬ ಮಾತು ಉಳಿದಿದೆ. ಸಿಗುತ್ತದೆ, ಟಿಕೆಟ್ ಹರಿಯುವ, ಕಾವಲು ಕಾಯುವ, ನೆಲ ಒರೆಸುವ ಕೆಲಸ. ಅದನ್ನು ಹೀನವೆನ್ನುತ್ತಿಲ್ಲ. ಆದರೆ ಇದೇ ಮಾತನ್ನು ನಾವು ಹಿಂದೊಮ್ಮೆ ಕೇಳಿದ್ದೇವೆ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನಮ್ಮ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿದಾಗಲೂ ಆದಾಯದ ಮಾತೇ ಮುಂದಿತ್ತು. ಮಾಲೂರಿನ ಸುತ್ತ ರಾಗಿ ಹೋಯಿತು, ಕಳೆ ಕೀಳುವ ಹೆಣ್ಣುಮಕ್ಕಳ ಕೂಲಿ ಹೋಯಿತು, ಹುಲ್ಲಿಲ್ಲದೆ ದನ ಹೋದವು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಆ ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದ್ದರಿಂದ ಈ ಸಲ ಹೊಲ ಕೈಬಿಡಲು ಅಷ್ಟು ಕಾಲವೂ ಬೇಕಾಗದು.

ಆದ್ದರಿಂದ ಬೆಟ್ಟದ ಬುಡದ ಯಾವುದೇ ಹಳ್ಳಿಯಲ್ಲಿ ವಾಟರ್ ಪಾರ್ಕ್, ರೆಸಾರ್ಟ್, ಸಾಹಸ ಕ್ರೀಡಾ ಗ್ರಾಮ, ಹೆಸರೇನೇ ಇರಲಿ, ಅರ್ಜಿ ಬಂದ ದಿನ ಗ್ರಾಮಸಭೆ ಕರೆಯುವಂತೆ ಒತ್ತಾಯಿಸಿ. ಸರ್ವೆ ನಕ್ಷೆಯನ್ನು ಹಾಸಿ ರಾಜಕಾಲುವೆ ಎಲ್ಲಿ ಹಾದುಹೋಗುತ್ತದೆಂದು ತೋರಿಸಲು ಹೇಳಿ. ಕಾಲೇಜು ವಿದ್ಯಾರ್ಥಿಗಳು ಸುತ್ತಲಿನ ಒಂದು ಕಿಲೋಮೀಟರಿನ ಬಾವಿಗಳ ಆಳವನ್ನೂ ನೀರಿನ ಮಟ್ಟವನ್ನೂ ಈಗಲೇ ಬರೆದಿಡಬೇಕು. ನಾಳೆ ವಾದಕ್ಕೆ ನಿಲ್ಲುವಾಗ ಹಳೆಯ ಅಂಕಿ ಕೈಯಲ್ಲಿರಬೇಕು. ಹೊಸ ಕೊಳವೆಬಾವಿಯ ನೀರಿನಿಂದ ಕೊಳ ತುಂಬಿಸುವುದಿಲ್ಲವೆಂಬ ಲಿಖಿತ ಷರತ್ತಿಲ್ಲದೆ ಪಂಚಾಯಿತಿ ಪರವಾನಗಿ ಕೊಡಕೂಡದು. ಅಷ್ಟರ ಮೇಲೂ ಉದ್ಯಮ ಬಂದರೆ, ಅದರ ಪ್ರತಿಯೊಂದು ಬಾವಿಗೂ ಮೀಟರ್ ಇಟ್ಟು, ತಿಂಗಳ ಲೆಕ್ಕವನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಬರೆಸಬೇಕು. ಏಪ್ರಿಲ್ ಮತ್ತು ಮೇ ತಿಂಗಳ ಅಂಕಿಗಳನ್ನು ತಪ್ಪದೆ ನೋಡಿಬನ್ನಿ.